ಬಿಸಿಲು ಬಿದ್ದರೆ ಬಣ್ಣ ಬದಲು



ಈ ತಿಂಗಳು ಗೋಡೆ ಪತ್ರಿಕೆಯ ವಿಜ್ಞಾನದ ಹಾಳೆ ಬರೆಯುವ ಸರದಿ ನನ್ನದು. ನಮ್ಮ ಪರಶುರಾಂಪುರದ ಕಡೆ ಮಳೆ ಕಡಿಮೆ. ಬೇಸಿಗೆ ಬಂತೆಂದರೆ ವೇದಾವತಿಯಲ್ಲಿ ನೀರಿಗಿಂತ ಮರಳೇ ಜಾಸ್ತಿ. ಆದರೆ ಒಂದಕ್ಕೆ ಮಾತ್ರ ನಮಗೆ ಬರಗಾಲ ಇಲ್ಲ, ಅದು ಬಿಸಿಲು. ಹಾಗಾಗಿ ಬಿಸಿಲಿನ ಬಗ್ಗೆಯೇ ಬರೆಯೋಣ ಅಂದುಕೊಂಡೆ. ಬಿಸಿಲು ಶೇಂಗಾ ಒಣಗಿಸುತ್ತೆ, ತಲೆ ಸುಡುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಅದು ಬಣ್ಣವನ್ನೂ ಬದಲಿಸುತ್ತೆ. ಹೇಗೆ ಬದಲಿಸುತ್ತೆ, ಬದಲಾದ ಬಣ್ಣ ಮತ್ತೆ ಮೊದಲಿನ ಹಾಗೆ ಆಗುತ್ತಾ ಇಲ್ವಾ, ಅದರಿಂದ ನಮಗೇನು ಉಪಯೋಗ ಎಂಬುದೇ ಈ ಲೇಖನ.

ದೂರದ ಉದಾಹರಣೆ ಬೇಡ. ನಿಮ್ಮ ಅಪ್ಪ ಅಮ್ಮನ ಎಡಗೈ ತೋರು ಬೆರಳನ್ನು ನೆನಪು ಮಾಡಿಕೊಳ್ಳಿ. 2024ರ ಏಪ್ರಿಲ್ 26ರಂದು ನಮ್ಮ ಚಿತ್ರದುರ್ಗ ಲೋಕಸಭಾ ಕ್ಷೇತ್ರದ ಮತದಾನ ನಡೆಯಿತು. ಅವತ್ತು ವೋಟು ಹಾಕಿ ಬಂದವರ ಬೆರಳಿನ ಮೇಲೆ ಮೊದಲು ನೇರಳೆ ಬಣ್ಣದ ಗೆರೆ ಇತ್ತು. ಶಾಲೆಯಿಂದ ಹೊರಗೆ ಬಂದು ಬಿಸಿಲಲ್ಲಿ ಮನೆಗೆ ನಡೆದು ಹೋಗುವಷ್ಟರಲ್ಲಿ ಅದು ಕಪ್ಪಾಗತೊಡಗಿತ್ತು. ಪಾತ್ರೆ ತೊಳೆದರೂ, ಸೋಪು ಹಾಕಿದರೂ, ಸಗಣಿ ಸಾರಿಸಿದರೂ ಹೋಗಲಿಲ್ಲ. ನೀರಿನಲ್ಲಿ ತೊಳೆದರೆ ಮಾಮೂಲಿ ಬಣ್ಣ ತಿಳಿಯಾಗುತ್ತೆ. ಈ ಶಾಯಿ ಮಾತ್ರ ಹೊತ್ತು ಹೋದಂತೆ ಗಾಢವಾಗುತ್ತೆ! ಯಾಕೆ?

ಈ ಶಾಯಿಯೂ ನಮ್ಮ ಕರ್ನಾಟಕದ್ದೇ. ಮೈಸೂರಿನಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಶುರುವಾಯಿತು. ಅದೇ ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿ, ಕರ್ನಾಟಕ ಸರ್ಕಾರದ್ದು. ಒಬ್ಬರೇ ಎರಡು ಸಲ ವೋಟು ಹಾಕುವುದನ್ನು ತಡೆಯಲು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು ಅಳಿಸದ ಶಾಯಿಯ ಸೂತ್ರ ಸಿದ್ಧಪಡಿಸಿದರು. 1962ರ ಮೂರನೇ ಮಹಾಚುನಾವಣೆಯಿಂದ ಮೈಸೂರಿನ ಈ ಕಾರ್ಖಾನೆ ಅದನ್ನು ತಯಾರಿಸಿ ಕೊಡುತ್ತಿದೆ. 2024ರ ಚುನಾವಣೆಗೆ 26 ಲಕ್ಷಕ್ಕೂ ಹೆಚ್ಚು ಸೀಸೆ ಕಳಿಸಿದರಂತೆ. ಬೇರೆ ದೇಶಗಳ ಚುನಾವಣೆಗೂ ಇಲ್ಲಿಂದಲೇ ಶಾಯಿ ಹೋಗುತ್ತೆ. ಕಾಶ್ಮೀರದಲ್ಲಿ ವೋಟು ಹಾಕಿದರೂ ಕನ್ಯಾಕುಮಾರಿಯಲ್ಲಿ ವೋಟು ಹಾಕಿದರೂ ಬೆರಳ ಮೇಲೆ ಬೀಳುವುದು ಮೈಸೂರಿನ ಗೆರೆ! (ಇದನ್ನು ಓದಿದಾಗ ನನಗೆ ಬಹಳ ಹೆಮ್ಮೆ ಆಯ್ತು, ಅದಕ್ಕೇ ಮೊದಲು ಬರೆದೆ.)

ಆ ಶಾಯಿಯಲ್ಲಿ ಏನಿದೆ? ಪೂರ್ತಿ ಸೂತ್ರ ಗುಟ್ಟು. ಆದರೆ ಮುಖ್ಯ ವಸ್ತು ಗುಟ್ಟಲ್ಲ, ಅದು ಸಿಲ್ವರ್ ನೈಟ್ರೇಟ್. ಅಂದರೆ ಬೆಳ್ಳಿಯ ಲವಣ. ಬೆರಳಿಗೆ ಹಚ್ಚಿದಾಗ ಅದು ಚರ್ಮದ ಬೆವರಿನಲ್ಲಿರುವ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಸಿಲ್ವರ್ ಕ್ಲೋರೈಡ್ ನೀರಲ್ಲಿ ಕರಗುವುದಿಲ್ಲ, ಚರ್ಮಕ್ಕೆ ಉಗುರಿಗೆ ಅಂಟಿಕೊಂಡು ಕೂರುತ್ತದೆ. ಅದರ ಮೇಲೆ ಬೆಳಕು ಬಿದ್ದಾಗ ಬೆಳ್ಳಿಯೂ ಕ್ಲೋರಿನ್ನೂ ಬೇರೆಯಾಗುತ್ತವೆ. ಉಳಿದ ಬೆಳ್ಳಿ ಬಹಳ ಬಹಳ ಸಣ್ಣ ಕಣ. ಬೆಳ್ಳಿ ಅಂದರೆ ಬಿಳಿ ಅಲ್ವಾ ಅಂತ ನೀವು ಕೇಳಬಹುದು. ಕಾಲ್ಗೆಜ್ಜೆಯಷ್ಟು ದೊಡ್ಡದಿದ್ದರೆ ಬಿಳಿ, ಹೊಳೆಯುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾದರೆ ಬೆಳಕನ್ನು ನುಂಗಿಕೊಂಡು ಕಪ್ಪಾಗಿ ಕಾಣುತ್ತೆ.

ಇದು ನಮಗೆ ಹೊಸ ಪಾಠವೇನಲ್ಲ. ಹತ್ತನೇ ತರಗತಿ ವಿಜ್ಞಾನದ ಮೊದಲ ಪಾಠ 'ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು' ತೆಗೆದು ನೋಡಿ. ಸಿಲ್ವರ್ ಕ್ಲೋರೈಡನ್ನು ಬಿಸಿಲಿಗಿಟ್ಟರೆ ಬೂದು ಬಣ್ಣ ಆಗುತ್ತದೆ ಎಂಬ ಚಟುವಟಿಕೆ ಅದರಲ್ಲಿದೆ. ಪರೀಕ್ಷೆಗೆ ಎಲ್ಲರೂ ಸಮೀಕರಣ ಬಾಯಿಪಾಠ ಮಾಡುತ್ತೇವೆ. ಅದೇ ಸಮೀಕರಣ ನಮ್ಮ ತಾಯಿಯ ಬೆರಳ ಮೇಲೆ ನಡೆದಿದೆ ಅಂತ ಯಾರಿಗೆ ಹೊಳೆದಿತ್ತು? ಲ್ಯಾಬಿನಲ್ಲಿ ಸಿಲ್ವರ್ ನೈಟ್ರೇಟ್ ಬಾಟಲಿ ಕಂದು ಗಾಜಿನದಾಗಿರುವುದೂ ಇದಕ್ಕೇ, ಬೆಳಕು ಒಳಗೆ ಹೋಗಬಾರದು ಅಂತ. ಅದನ್ನು ಬರಿಗೈಲಿ ಮುಟ್ಟಬೇಡಿ, ಗಾಢವಾಗಿದ್ದರೆ ಚರ್ಮ ಸುಡುತ್ತದೆ.

ನಮ್ಮ ಬೀದಿಯ ಒಬ್ಬ ಅಜ್ಜಿ "ಆ ಮಸಿ ರಕ್ತಕ್ಕೆ ಇಳಿತೈತಂತೆ, ನಾನು ಒಲ್ಲೆ ಕಣಪ್ಪ" ಅಂತ ವೋಟಿಗೆ ಹೋಗಲು ಹಿಂದೆಮುಂದೆ ನೋಡಿದ್ದರು. ಮಸಿ ಬೇಡ ಅಂದವರಿಗೆ ವೋಟು ಹಾಕಲು ಬಿಡುವುದಿಲ್ಲ, ಅದು ನಿಯಮ. ಅಂದರೆ ಒಂದು ಸುಳ್ಳು ಸುದ್ದಿಯಿಂದ ಒಂದು ವೋಟು ಹೋಗುವುದರಲ್ಲಿತ್ತು. ನಿಜ ಏನಪ್ಪಾ ಅಂದರೆ ಬೆಳ್ಳಿ ಕೂರುವುದು ಚರ್ಮದ ಮೇಲ್ಪದರದಲ್ಲಿ ಮತ್ತು ಉಗುರಿನಲ್ಲಿ. ಮೇಲ್ಪದರದ ಚರ್ಮ ಸತ್ತ ಜೀವಕೋಶಗಳದ್ದು, ಅದು ತಾನಾಗೇ ಉದುರಿ ಹೊಸದು ಬರುತ್ತದೆ. ಆದ್ದರಿಂದ ಚರ್ಮದ ಕಲೆ ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಹೋಗುತ್ತದೆ. ಉಗುರಿನ ಗೆರೆ ಮಾತ್ರ ಉಗುರು ಬೆಳೆದು ನಾವು ಕತ್ತರಿಸುವವರೆಗೂ ಇರುತ್ತದೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಲೆಕ್ಕ ನೀವೇ ಹಾಕಿ. 2006ರಿಂದ ಗೆರೆಯನ್ನು ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೂ ಉದ್ದಕ್ಕೆ ಎಳೆಯುವುದು ಇದೇ ಕಾರಣಕ್ಕೆ ಇರಬೇಕು ಅಂತ ನನ್ನ ಅನಿಸಿಕೆ. ಚರ್ಮ ಮೋಸ ಮಾಡಿದರೂ ಉಗುರು ಸಾಕ್ಷಿ ಹೇಳುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಮನೆಯಲ್ಲೇ ಇರಬೇಕಾದವರ ಕೈಗೆ ಮುದ್ರೆ ಒತ್ತಲು ಇಂಥ ಶಾಯಿ ಬಳಸಬಹುದು ಎಂದು ಚುನಾವಣಾ ಆಯೋಗವೇ ಅನುಮತಿ ಕೊಟ್ಟಿತ್ತು.

ಬೆಳ್ಳಿಯ ಲವಣ ಬೆಳಕಿಗೆ ಕಪ್ಪಾಗುತ್ತೆ ಅನ್ನೋದು ಹಳೇ ವಿಷಯ. 1777ರಲ್ಲಿ ಸ್ವೀಡನ್ನಿನ ಷೀಲೆ ಎಂಬ ವಿಜ್ಞಾನಿ ಅಶ್ರಗದಿಂದ ಬಿಸಿಲನ್ನು ಏಳು ಬಣ್ಣ ಮಾಡಿ ಸಿಲ್ವರ್ ಕ್ಲೋರೈಡ್ ಮೇಲೆ ಬಿಟ್ಟ. ಕೆಂಪು ಬಿದ್ದ ಕಡೆ ಏನೂ ಆಗಲಿಲ್ಲ ಅನ್ನುವಷ್ಟು ನಿಧಾನ, ನೇರಳೆ ಬಿದ್ದ ಕಡೆ ಬೇಗ ಕಪ್ಪಾಯಿತು. 1801ರಲ್ಲಿ ಜರ್ಮನಿಯ ರಿಟ್ಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ನೇರಳೆ ಮುಗಿದ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಸಿಲ್ವರ್ ಕ್ಲೋರೈಡ್ ಇಟ್ಟ. ಅದು ಎಲ್ಲದಕ್ಕಿಂತ ಬೇಗ ಕಪ್ಪಾಯಿತು! ಅಲ್ಲಿ ಕಾಣದ ಬೆಳಕು ಇದೆ ಅಂತ ಹೀಗೆ ಗೊತ್ತಾಯಿತು. ಅದೇ ನೇರಳಾತೀತ ಕಿರಣ. ಮನುಷ್ಯನ ಕಣ್ಣಿಗೆ ಕಾಣದ್ದು ಚಿಟಿಕೆ ಬೆಳ್ಳಿ ಲವಣಕ್ಕೆ ಕಂಡಿತು ನೋಡಿ. ಆಮೇಲೆ ಇದೇ ಗುಣದಿಂದ ಫೋಟೋ ಹುಟ್ಟಿತು. ನಿಮ್ಮ ಮನೆ ಗೋಡೆಯ ಮೇಲಿರುವ ಮುತ್ತಾತನ ಕಪ್ಪು ಬಿಳುಪು ಫೋಟೋದಲ್ಲಿ ಕಪ್ಪು ಇರುವ ಕಡೆ ಇರುವುದು ಬೆಳ್ಳಿಯೇ.

ಇಲ್ಲಿಯವರೆಗೆ ಹೇಳಿದ್ದು ಒಂದೇ ದಿಕ್ಕಿನ ಬದಲಾವಣೆ. ಕಪ್ಪಾದ ಬೆರಳು ನೆರಳಿಗೆ ಬಂದರೆ ಬಿಳುಪಾಗುವುದಿಲ್ಲ. ಆದರೆ ಕೆಲವರ ಕನ್ನಡಕ ನೋಡಿದ್ದೀರಲ್ಲ, ಬಿಸಿಲಿಗೆ ಬಂದರೆ ಕಪ್ಪಾಗುತ್ತೆ, ಒಳಗೆ ಹೋದರೆ ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತೆ. ಅಂಥದ್ದಕ್ಕೆ ಫೋಟೋಕ್ರೋಮಿಕ್ ಅಂತ ಹೆಸರು. ನಾನು ಮೊದಲು ಇವೆರಡಕ್ಕೂ ಏನೂ ಸಂಬಂಧ ಇಲ್ಲ ಅಂತಲೇ ಓದಲು ಶುರು ಮಾಡಿದ್ದು. ಆಶ್ಚರ್ಯ ಏನೆಂದರೆ 1964ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಆರ್ಮಿಸ್ಟೆಡ್ ಮತ್ತು ಸ್ಟೂಕಿ ಎಂಬ ಇಬ್ಬರು ಪ್ರಕಟಿಸಿದ ಬಣ್ಣ ಬದಲಿಸುವ ಗಾಜಿನಲ್ಲಿ ಇದ್ದದ್ದೂ ಅದೇ ಬೆಳ್ಳಿ ಲವಣ!

ಹಾಗಾದರೆ ಬೆರಳಿನ ಮೇಲೆ ಮರಳಿ ಬಾರದ್ದು ಗಾಜಿನಲ್ಲಿ ಹೇಗೆ ಮರಳಿ ಬರುತ್ತದೆ? ಇದೇ ಈ ಪಾಠದ ತಿರುಳು, ಸ್ವಲ್ಪ ನಿಧಾನ ಓದಿ. ಬೆಳಕು ಬಿದ್ದಾಗ ಎರಡು ಕಡೆಯೂ ಬೆಳ್ಳಿ ಮತ್ತು ಕ್ಲೋರಿನ್ ಬೇರೆಯಾಗುತ್ತವೆ. ಬೆರಳಿನ ಮೇಲೆ ಕ್ಲೋರಿನ್ ತಪ್ಪಿಸಿಕೊಂಡು ಹೋಗುತ್ತದೆ. ಜೊತೆಗಾರ ಊರು ಬಿಟ್ಟ ಮೇಲೆ ಬೆಳ್ಳಿ ಯಾರ ಜೊತೆ ಸೇರಬೇಕು? ಅದು ಬೆಳ್ಳಿಯಾಗೇ, ಕಪ್ಪಾಗೇ ಉಳಿಯುತ್ತದೆ. ಗಾಜಿನಲ್ಲಿ ಸಿಲ್ವರ್ ಕ್ಲೋರೈಡಿನ ಹರಳುಗಳು ಗಟ್ಟಿ ಗಾಜಿನ ಒಳಗೆ ಹೂತುಹೋಗಿರುತ್ತವೆ. ಕ್ಲೋರಿನ್ ಎಲ್ಲಿಗೂ ಓಡಿಹೋಗಲಾರದು. ಜೊತೆಗೆ ಚೂರು ತಾಮ್ರವನ್ನೂ ಬೆರೆಸಿರುತ್ತಾರೆ. ಬೆಳಕಲ್ಲಿ ತಾಮ್ರ ಒಂದು ಎಲೆಕ್ಟ್ರಾನನ್ನು ಬೆಳ್ಳಿಗೆ ಕೊಡುತ್ತದೆ, ಗಾಜು ಕಪ್ಪಾಗುತ್ತದೆ. ಬೆಳಕು ಹೋದ ಮೇಲೆ ಅದೇ ತಾಮ್ರ ಎಲೆಕ್ಟ್ರಾನನ್ನು ವಾಪಸ್ ಇಸ್ಕೊಳ್ಳುತ್ತೆ, ಗಾಜು ತಿಳಿಯಾಗುತ್ತದೆ. ವಸ್ತು ಒಂದೇ, ಬೆಳಕು ಒಂದೇ. ಹೊರಟವರಿಗೆ ವಾಪಸ್ ಬರುವ ದಾರಿ ಇದೆಯೋ ಇಲ್ಲವೋ ಅನ್ನುವುದಷ್ಟೇ ವ್ಯತ್ಯಾಸ.

ಈಗ ಬರುವ ಕನ್ನಡಕಗಳು ಹೆಚ್ಚಾಗಿ ಪ್ಲಾಸ್ಟಿಕ್ಕಿನವು, ಹಗುರ. ಅವುಗಳಲ್ಲಿ ಬೆಳ್ಳಿ ಇಲ್ಲ, ಕಾರ್ಬನ್ ಅಣುಗಳಿಂದಾದ ಬಣ್ಣಗಳಿವೆ. ಇವುಗಳ ಕೆಲಸ ಬೇರೆ ಥರ. ಒಂದು ಅಣುವಿಗೆ ಬಣ್ಣ ಬರಬೇಕಾದರೆ ಅದರಲ್ಲಿ ಎಲೆಕ್ಟ್ರಾನುಗಳು ಓಡಾಡಲು ಉದ್ದನೆಯ ಹಾದಿ ಬೇಕು. ಹಾದಿ ಗಿಡ್ಡವಾಗಿದ್ದರೆ ಅಣು ಕಣ್ಣಿಗೆ ಕಾಣುವ ಬೆಳಕನ್ನು ನುಂಗುವುದಿಲ್ಲ, ಆದ್ದರಿಂದ ಬಣ್ಣವಿಲ್ಲ. ಹಾದಿ ಉದ್ದವಾದರೆ ನುಂಗುತ್ತದೆ, ಬಣ್ಣ ಕಾಣುತ್ತದೆ. ಸ್ಪೈರೊಪೈರಾನ್ ಎಂಬ ಬಣ್ಣದ ಅಣುವಿನಲ್ಲಿ ಎರಡು ಭಾಗಗಳು ಒಂದಕ್ಕೊಂದು ಅಡ್ಡಡ್ಡಲಾಗಿ, ನಮ್ಮ ಬಾಗಿಲೂ ಹೊಸಿಲೂ ಇದ್ದ ಹಾಗೆ, ಒಂದೇ ಕಾರ್ಬನ್ ಪರಮಾಣುವಿನಲ್ಲಿ ಕೂಡಿಕೊಂಡಿರುತ್ತವೆ. ಹಾದಿ ಅಲ್ಲಿ ತುಂಡಾಗಿದೆ. ನೇರಳಾತೀತ ಕಿರಣ ಬಿದ್ದಾಗ ಕಾರ್ಬನ್ನಿಗೂ ಆಕ್ಸಿಜನ್ನಿಗೂ ಇರುವ ಒಂದು ಬಂಧ ಬಿಚ್ಚಿಕೊಳ್ಳುತ್ತದೆ, ಅಣು ತಿರುಗಿ ಚಪ್ಪಟೆಯಾಗುತ್ತದೆ. ಎರಡು ಭಾಗಗಳ ಹಾದಿ ಒಂದಾಗಿ ಬಣ್ಣ ಬರುತ್ತದೆ. ನೆರಳಿಗೆ ಬಂದರೆ ಸುತ್ತಲಿನ ಶಾಖದಿಂದಲೇ ಬಂಧ ಮತ್ತೆ ಕೂಡಿಕೊಂಡು ಬಣ್ಣ ಮಾಯ. ಕನ್ನಡಕದಲ್ಲಿ ಹೆಚ್ಚಾಗಿ ಬಳಸುವುದು ಇದರ ಸಂಬಂಧಿಯಾದ ನ್ಯಾಫ್ತೊಪೈರಾನ್, ಅದೂ ಹೀಗೇ ತೆರೆದು ಮುಚ್ಚುತ್ತದೆ.

ಇಲ್ಲಿ ನಮ್ಮ ಊರಿಗೆ ಬೇಕಾದ ಒಂದು ಮಾತಿದೆ. ಮುಚ್ಚುವುದು ಶಾಖದಿಂದ ಅಂದೆನಲ್ಲ? ಹಾಗಾದರೆ ಸೆಕೆ ಹೆಚ್ಚಾದಷ್ಟೂ ಅಣುಗಳು ಬೇಗ ಬೇಗ ಮುಚ್ಚಿಕೊಳ್ಳುತ್ತವೆ. ಬಿಸಿಲು ತೆರೆಯುತ್ತಿರುತ್ತದೆ, ಸೆಕೆ ಮುಚ್ಚುತ್ತಿರುತ್ತದೆ. ಅದಕ್ಕೇ ಈ ಕನ್ನಡಕ ಚಳಿ ದೇಶದ ಬಿಸಿಲಲ್ಲಿ ಕಡುಕಪ್ಪಾಗುತ್ತದೆ, ಚಳ್ಳಕೆರೆ ಕಡೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಅಷ್ಟು ಕಪ್ಪಾಗುವುದಿಲ್ಲ. ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ! ಇನ್ನೊಂದು, ಕಾರಿನ ಮುಂದಿನ ಗಾಜು ನೇರಳಾತೀತ ಕಿರಣವನ್ನು ಬಹುಪಾಲು ತಡೆಯುವುದರಿಂದ ಕಾರಿನೊಳಗೆ ಕೂತ ಡ್ರೈವರ್‌ಗೆ ಸಾಮಾನ್ಯವಾಗಿ ಈ ಕನ್ನಡಕ ಹೆಚ್ಚು ಕಪ್ಪಾಗುವುದಿಲ್ಲ. ದುಡ್ಡು ಕೊಟ್ಟು ತಂದ ಮೇಲೆ "ಕೆಟ್ಟೋಗಿದೆ" ಅಂತ ಬೈಯುವವರು ಇದನ್ನು ತಿಳಿದಿರಬೇಕು. ಕಪ್ಪಾಗದಿದ್ದಾಗಲೂ ಒಳ್ಳೆಯ ಕನ್ನಡಕ ನೇರಳಾತೀತ ಕಿರಣ ಕಣ್ಣಿಗೆ ಹೋಗದಂತೆ ತಡೆಯುತ್ತದೆ. ಜಾತ್ರೆಯಲ್ಲಿ ಸಿಗುವ ಅಗ್ಗದ ಕೂಲಿಂಗ್ ಗ್ಲಾಸಿನಲ್ಲಿ ಎಷ್ಟೋ ಸಲ ಬರೀ ಬಣ್ಣ ಇರುತ್ತದೆ, ತಡೆ ಇರುವುದಿಲ್ಲ. ಕತ್ತಲಾಯಿತು ಅಂತ ಕಣ್ಣಿನ ಪಾಪೆ ಅಗಲವಾಗುತ್ತದೆ, ಕೆಟ್ಟ ಕಿರಣ ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ. ದಿನವೆಲ್ಲಾ ಕುರಿ ಕಾಯುವ, ಶೇಂಗಾ ಹೊಲದಲ್ಲಿ ಕಳೆ ತೆಗೆಯುವ ನಮ್ಮ ಮನೆಯವರಿಗೆ ಅಂಥ ಗ್ಲಾಸಿಗಿಂತ ತಲೆ ಮೇಲಿನ ಟವೆಲ್ಲೇ ವಾಸಿ ಅಂತ ನಾನು ಹೇಳ್ತೀನಿ.

ಬೇರೆ ಉಪಯೋಗಗಳೂ ಇವೆ. ಬಿಸಿಲಿಗೆ ಚಿತ್ರ ಮೂಡುವ ಅಂಗಿ, ಬಣ್ಣ ಬರುವ ಆಟದ ಮಣಿ, ಉಗುರು ಬಣ್ಣ, ನೇರಳಾತೀತ ಕಿರಣ ಎಷ್ಟಿದೆ ಎಂದು ತೋರಿಸುವ ಪಟ್ಟಿ ಇತ್ಯಾದಿ. ಬಟ್ಟೆಗೆ ಹಾಕುವಾಗ ಬಣ್ಣವನ್ನು ಧೂಳಿಗಿಂತ ಸಣ್ಣ ಗೋಲಿಗಳೊಳಗೆ ತುಂಬಿ ಶಾಯಿಗೆ ಬೆರೆಸುತ್ತಾರೆ. ನಮ್ಮ ಪಕ್ಕದ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಇಂಥ ಬಣ್ಣ ಹಾಕಿದರೆ ಹೇಗೆ, ನೆರಳಲ್ಲಿ ಒಂದು ಬಣ್ಣ ಬಿಸಿಲಲ್ಲಿ ಒಂದು ಬಣ್ಣ, ಅಂತ ಗೆಳತಿಯೊಬ್ಬಳು ಕೇಳಿದಳು. ಕೇಳಲು ಚೆಂದ. ಆದರೆ ಈ ಅಣುಗಳಿಗೆ ಆಯಾಸ ಅನ್ನೋದು ಇದೆ. ಸಾವಿರಾರು ಸಲ ತೆರೆದು ಮುಚ್ಚುವಾಗ ಒಂದೊಂದೇ ಅಣು ಕೆಡುತ್ತಾ ಹೋಗುತ್ತದೆ, ಕನ್ನಡಕವೇ ಕೆಲವು ವರ್ಷಕ್ಕೆ ಮಂಕಾಗುತ್ತದೆ. ಮೊಳಕಾಲ್ಮೂರು ಸೀರೆಯನ್ನು ಅಜ್ಜಿ ಉಟ್ಟು, ಅಮ್ಮ ಉಟ್ಟು, ಮಗಳೂ ಉಡುತ್ತಾಳೆ. ಅದಕ್ಕೆ ಬೇಕಾದದ್ದು ಬಿಸಿಲಿಗೆ ಜಗ್ಗದ ಬಣ್ಣ. ನನಗಂತೂ ಆ ಯೋಚನೆ ಸರಿಬರಲಿಲ್ಲ, ಬೇಕಾದರೆ ಕರ್ಚೀಫಿಗೆ ಹಾಕಲಿ!

ತೆರೆದು ಮುಚ್ಚುವ ಬಣ್ಣ ನಮ್ಮೆಲ್ಲರ ಬಳಿಯೂ ಪುಕ್ಕಟೆಯಾಗಿ ಇದೆ, ಕಣ್ಣಿನೊಳಗೆ. ಅಕ್ಷಿಪಟಲದ ಸರಳು ಜೀವಕೋಶಗಳಲ್ಲಿ ರೊಡಾಪ್ಸಿನ್ ಎಂಬ ಕೆನ್ನೇರಳೆ ಬಣ್ಣವಿದೆ. 1876ರಲ್ಲಿ ಫ್ರಾನ್ಜ್ ಬೋಲ್ ಎಂಬಾತ ಕಪ್ಪೆಯ ಕಣ್ಣಿನಲ್ಲಿ ಈ ಬಣ್ಣ ಬೆಳಕಿಗೆ ಬಿಳಿಚಿಕೊಳ್ಳುವುದನ್ನು ಕಂಡ. ಇದರೊಳಗೆ ಎ ಜೀವಸತ್ವದಿಂದ ಆದ ರೆಟಿನಾಲ್ ಎಂಬ ಬಗ್ಗಿದ ಅಣು ಇರುತ್ತದೆ. ಬೆಳಕು ತಾಕಿದ ತಕ್ಷಣ ಅದು ನೆಟ್ಟಗಾಗುತ್ತದೆ, ಆ ಸುದ್ದಿ ನರದ ಮೂಲಕ ಮೆದುಳಿಗೆ ಹೋಗುತ್ತದೆ, ಬಣ್ಣ ಬಿಳಿಚುತ್ತದೆ. ಮಟಮಟ ಮಧ್ಯಾಹ್ನ ಹೊಲದಿಂದ ಬಂದು ಕತ್ತಲೆ ಕೋಣೆಗೆ ಕಾಲಿಟ್ಟರೆ ಏನೂ ಕಾಣದೆ ತಡಕಾಡುತ್ತೇವಲ್ಲ, ಆಗ ಕಣ್ಣಿನ ಬಣ್ಣ ಬಿಳಿಚಿರುತ್ತದೆ. ಪೂರ್ತಿ ಮತ್ತೆ ಕೂಡಿಕೊಳ್ಳಲು ಅರ್ಧ ಗಂಟೆವರೆಗೂ ಬೇಕಾಗುತ್ತದೆ. ಈ ಸಂಗತಿ ಬಿಡಿಸಿದ ಜಾರ್ಜ್ ವಾಲ್ಡ್ 1967ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಈ ಬಣ್ಣ ಮತ್ತೆ ಮತ್ತೆ ಆಗಬೇಕಾದರೆ ಎ ಜೀವಸತ್ವ ಬೇಕು. ಅದು ಸಾಲದಿದ್ದರೆ ಬರುವುದೇ ಇರುಳುಗಣ್ಣು, ಇನ್ನೂ ಹೆಚ್ಚಾದರೆ ಮಗುವಿನ ಕಣ್ಣೇ ಹೋಗಬಹುದು. ಒಂಬತ್ತನೇ ತಿಂಗಳಿಂದ ಐದು ವರ್ಷದವರೆಗೆ ಆರಾರು ತಿಂಗಳಿಗೊಮ್ಮೆ ಮಕ್ಕಳಿಗೆ ಎ ಜೀವಸತ್ವದ ಹನಿ ಕುಡಿಸುವುದು ಇದಕ್ಕೆ. ನಿಮ್ಮ ಮನೆಯ ತಮ್ಮ ತಂಗಿಯರಿಗೆ ಒಂದು ಸಲವೂ ತಪ್ಪದೆ ಹಾಕಿಸಿದ್ದಾರಾ ಅಂತ ತಾಯಿ ಕಾರ್ಡು ತೆಗೆದು ನೋಡಿ. ನುಗ್ಗೆ ಸೊಪ್ಪು, ಕುಂಬಳಕಾಯಿ, ಪರಂಗಿ ಹಣ್ಣು, ಮೊಟ್ಟೆ ಇವೂ ಒಳ್ಳೆಯವು. ನುಗ್ಗೆ ಮರಕ್ಕೆ ನಮ್ಮಲ್ಲಿ ಬರ ಇಲ್ಲ, ತಿನ್ನುವವರಿಗೇ ಬರ.

ಕೊನೆಗೆ ನೀವೇ ಮಾಡಬಹುದಾದ ಒಂದು ಪ್ರಯೋಗ. ಅರಿಶಿನದ ಕಲೆಯಾದ ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕಿದರೆ ಕಲೆ ಹೋಗುತ್ತೆ, ನೆರಳಲ್ಲಿ ಒಣಗಿಸಿದರೆ ಹೋಗೋದಿಲ್ಲ. ಇದು ಎಲ್ಲಾ ಅಮ್ಮಂದಿರಿಗೂ ಗೊತ್ತು. ಅರಿಶಿನದ ಬಣ್ಣ ಕರ್ಕ್ಯುಮಿನ್ ಎಂಬ ಅಣುವಿನದು. ಅದರಲ್ಲೂ ಮೇಲೆ ಹೇಳಿದ ಉದ್ದನೆಯ ಹಾದಿ ಇದೆ. ಬಿಸಿಲು ಆ ಹಾದಿಯನ್ನು ಕಡಿದು ತುಂಡು ಮಾಡುತ್ತದೆ. ಇಲ್ಲಿ ವಾಪಸ್ ಬರುವ ಪ್ರಶ್ನೆಯೇ ಇಲ್ಲ.

ಒಂದು ಚಮಚ ಅರಿಶಿನ ಪುಡಿಯನ್ನು ನಾಲ್ಕು ಚಮಚ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಸಿ ಬಟ್ಟೆಯಲ್ಲಿ ಸೋಸಿ. (ಸ್ಪಿರಿಟ್ ಬೇಗ ಬೆಂಕಿ ಹತ್ತುತ್ತದೆ, ಒಲೆ ಹತ್ತಿರ ಬೇಡ, ಗುರುಗಳು ಜೊತೆಗಿರಲಿ.) ಆ ರಸವನ್ನು ಬಿಳಿ ಡ್ರಾಯಿಂಗ್ ಹಾಳೆಗೆ ಹಚ್ಚಿ ಕತ್ತಲೆಯಲ್ಲಿ ಒಣಗಿಸಿ. ಮೇಲೆ ಬೇವಿನ ಎಲೆ ಇಟ್ಟು, ಗಾಜು ಮುಚ್ಚಿ, ಬಿಸಿಲಿಗಿಡಿ. ನಾವು ಮೂವರು ಮೂರು ಹಾಳೆ ಇಟ್ಟೆವು. ನಮಗೆ ಮೂರು ಗಂಟೆ ಸಾಕಾಯ್ತು, ಮೋಡ ಇದ್ದ ದಿನ ಸಂಜೆಯಾದರೂ ಆಗಲಿಲ್ಲ. ಎಲೆ ತೆಗೆದರೆ ಅದರ ಆಕಾರ ಹಳದಿಯಾಗೇ ಉಳಿದು ಸುತ್ತ ಬಿಳಿಚಿರುತ್ತದೆ. ಆಮೇಲೆ ಬಟ್ಟೆ ಸೋಡಾ ಕರಗಿಸಿದ ನೀರಲ್ಲಿ ಅದ್ದಿದರೆ ಎಲೆ ಕೆಂಪಗಾಗುತ್ತದೆ. ಈ ಕೆಂಪು ಮಾತ್ರ ಬೆಳಕಿನ ಕೆಲಸ ಅಲ್ಲ, ಪ್ರತ್ಯಾಮ್ಲದ ಕೆಲಸ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದೂ ಇದರಿಂದಲೇ. ಎರಡನ್ನೂ ಕಲಸಿ ಪರೀಕ್ಷೆಯಲ್ಲಿ ಬರೆಯಬೇಡಿ.

ನಾವು ಮಾಡಿದ ಮೂರರಲ್ಲಿ ಚೆನ್ನಾಗಿ ಬಂದ ಎಲೆ ಚಿತ್ರವನ್ನು ಈ ಹಾಳೆಯ ಕೆಳಗೆ ಎಡಗಡೆ ಅಂಟಿಸಿದ್ದೇವೆ. ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿದೆ, ಅರ್ಧ ತೆರೆದಿದೆ. ದಯವಿಟ್ಟು ಯಾರೂ ಕಾಗದ ಎತ್ತಬೇಡಿ. ಮುಂದಿನ ಸಂಚಿಕೆ ಹಾಕುವ ದಿನ ಎಲ್ಲರ ಎದುರಿಗೆ ತೆಗೆದು ಎರಡು ಅರ್ಧಗಳನ್ನೂ ಹೋಲಿಸಿ ನೋಡೋಣ.